ವಿನ್ಯಾಸಕರಿಗೊಂದು ಸ್ವಂತ ವಿಳಾಸ: ಕೋಡಿಂಗ್ ಇಲ್ಲದೆ ಪೋರ್ಟ್‌ಫೋಲಿಯೊ ವೆಬ್‌ಸೈಟ್ ಕಟ್ಟುವುದು ಹೇಗೆ?

ಕೆಲಸ ಕೇಳಿಕೊಂಡು ಹೋದ ಗ್ರಾಫಿಕ್ ಡಿಸೈನರ್‌ಗೆ ಎದುರಾಗುವ ಮೊದಲ ಪ್ರಶ್ನೆ ‘ಪೋರ್ಟ್‌ಫೋಲಿಯೊ ಲಿಂಕ್ ಇದೆಯೇ?’ ಎಂಬುದು. ಮಾಡಿದ ಕೆಲಸಗಳ ಆಯ್ದ ಸಂಗ್ರಹವೇ ಪೋರ್ಟ್‌ಫೋಲಿಯೊ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ ಚಿತ್ರಗಳು ಗುಣಮಟ್ಟ ಕಳೆದುಕೊಳ್ಳುತ್ತವೆ, ಯಾವುದು ಯಾವ ಕೆಲಸಕ್ಕೆ ಸೇರಿದ್ದು ಎಂಬುದೂ ತಿಳಿಯುವುದಿಲ್ಲ. ಸಿದ್ಧ ಭಾಗಗಳನ್ನು ಜೋಡಿಸಿ ತಾಣ ಕಟ್ಟಲು ಅನುವಾಗುವ ಆನ್‌ಲೈನ್ ಸೇವೆಗಳಾದ ವೆಬ್‌ಸೈಟ್ ಬಿಲ್ಡರ್‌ಗಳ ನೆರವಿನಿಂದ ಕೋಡಿಂಗ್ ಬಾರದವರೂ ಅಚ್ಚುಕಟ್ಟಾದ ತಾಣವನ್ನು ಕಟ್ಟಿಕೊಳ್ಳಬಹುದು. ಆದರೆ ಟೆಂಪ್ಲೇಟ್ (ಸಿದ್ಧ ವಿನ್ಯಾಸದ ಮಾದರಿ) ಆರಿಸುವುದರಿಂದ ಈ ಕೆಲಸ ಆರಂಭವಾಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಮಾಡಬೇಕಾದದ್ದು ಆಯ್ಕೆ. ಇದುವರೆಗೆ ಮಾಡಿದ್ದೆಲ್ಲವನ್ನೂ ತೋರಿಸುವ ಆಸೆ ಸಹಜವೇ ಆದರೂ, ಆರರಿಂದ ಎಂಟು ಒಳ್ಳೆಯ ಕೆಲಸಗಳು ಸಾಕು. ಮುಂದೆ ಎಂಥ ಕೆಲಸ ಬೇಕೋ ಅಂಥದ್ದಕ್ಕೇ ಮುಂದಿನ ಸಾಲಿನಲ್ಲಿ ಜಾಗ ಕೊಡಿ. ಒಂದು ಕಾಫಿ ಪುಡಿ ಪೊಟ್ಟಣದ ವಿನ್ಯಾಸವನ್ನೇ ತೆಗೆದುಕೊಳ್ಳೋಣ. ಸಿದ್ಧವಾದ ಪೊಟ್ಟಣದ ಫೋಟೊ ಮಾತ್ರ ಹಾಕಿದರೆ ನೋಡಿದವರಿಗೆ ಅದು ಚಂದ ಕಾಣಬಹುದು, ಅಷ್ಟೆ. ಅದರ ಬದಲು, ಅಂಗಡಿಯ ಮೇಲಿನ ಹಲಗೆಯಲ್ಲಿ ಇಟ್ಟಾಗ ಹಳೆಯ ಪೊಟ್ಟಣದ ಕನ್ನಡ ಹೆಸರು ಓದಲು ಬರುತ್ತಿರಲಿಲ್ಲ, ಯಾವುದರಲ್ಲಿ ಚಿಕೋರಿ ಎಷ್ಟಿದೆ ಎಂಬುದು ಗಿರಾಕಿಗೆ ತಕ್ಷಣ ತಿಳಿಯುತ್ತಿರಲಿಲ್ಲ ಎಂದು ಎರಡು ಮಾತಿನಲ್ಲಿ ಸಮಸ್ಯೆಯನ್ನು ಹೇಳಿ, ಪೆನ್ಸಿಲಿನಲ್ಲಿ ಬರೆದ ಮೊದಲ ಅಕ್ಷರರೂಪಗಳು, ಕೈಬಿಟ್ಟ ಒಂದು ಮಾದರಿ, ಮಿಶ್ರಣಕ್ಕೊಂದು ಬಣ್ಣ ಕೊಟ್ಟ ಅಂತಿಮ ಪೊಟ್ಟಣಗಳು, ಕೊನೆಗೆ ಅವು ಅಂಗಡಿಯಲ್ಲಿ ನಿಂತಿರುವ ಫೋಟೊ, ಹೀಗೆ ಜೋಡಿಸಿದರೆ ನೀವು ಯೋಚಿಸುವ ಬಗೆಯೇ ಗ್ರಾಹಕರ ಕಣ್ಣಿಗೆ ಬೀಳುತ್ತದೆ. ತಂಡದಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಯಾವುದೆಂದು ಸ್ಪಷ್ಟವಾಗಿ ಬರೆಯಿರಿ. ಮಾರುಕಟ್ಟೆಗೆ ಇನ್ನೂ ಬಾರದ ವಿನ್ಯಾಸವನ್ನು ಗ್ರಾಹಕರ ಒಪ್ಪಿಗೆಯಿಲ್ಲದೆ ಹಾಕಲೇಬಾರದು.

ಅನಂತರ ಚಿತ್ರಗಳನ್ನು ಸಿದ್ಧಪಡಿಸಿಕೊಳ್ಳಿ. ಮುದ್ರಣಕ್ಕಾಗಿ ಮಾಡಿದ ಫೈಲುಗಳು ಸಾಮಾನ್ಯವಾಗಿ ನಾಲ್ಕು ಶಾಯಿಗಳ ಸಿಎಂವೈಕೆ ಬಣ್ಣದಲ್ಲಿರುತ್ತವೆ. ಅವನ್ನು ಪರದೆಗೆ ಹೊಂದುವ ಎಸ್‌ಆರ್‌ಜಿಬಿಗೆ ಬದಲಾಯಿಸದೆ ಏರಿಸಿದರೆ ಬ್ರೌಸರಿನಲ್ಲಿ ಬಣ್ಣ ಕೆಡಬಹುದು. ನಾನು ಮಾಡಿದ ಪುಸ್ತಕದ ಮುಖಪುಟವೊಂದರ ಕುಂಕುಮಗೆಂಪು ಹೀಗೆಯೇ ಪೆಚ್ಚಾಗಿ ಕಂಡದ್ದು ಇಂದಿಗೂ ನೆನಪಿದೆ. ಅಗಲ 1,600ರಿಂದ 2,000 ಪಿಕ್ಸೆಲ್ ಇದ್ದರೆ ಸಾಕು. ಜೆಪೆಗ್ ಅಥವಾ ವೆಬ್‌ಪಿ ರೂಪದಲ್ಲಿ ಪ್ರತಿ ಚಿತ್ರವನ್ನೂ 500 ಕೆಬಿಯೊಳಗೆ ಇಳಿಸಿಕೊಂಡರೆ ನೆಟ್‌ವರ್ಕ್ ದುರ್ಬಲವಾಗಿರುವ ಕಡೆಯೂ ಪುಟ ಬೇಗ ತೆರೆದುಕೊಳ್ಳುತ್ತದೆ.

ಈಗ ಬಿಲ್ಡರ್ ಆಯ್ಕೆ. ಅಡೋಬಿಯ ವಿನ್ಯಾಸ ತಂತ್ರಾಂಶಗಳ ಗುಚ್ಛವಾದ ಕ್ರಿಯೇಟಿವ್ ಕ್ಲೌಡ್‌ನ ಪೂರ್ಣ ಚಂದಾ ಇರುವವರಿಗೆ ಅಡೋಬಿ ಪೋರ್ಟ್‌ಫೋಲಿಯೊ ಅದರ ಜೊತೆಗೇ ಸಿಗುತ್ತದೆ. ವಿನ್ಯಾಸಕರು ಕೆಲಸ ಹಂಚಿಕೊಳ್ಳುವ ಬಿಹ್ಯಾನ್ಸ್ ತಾಣದಲ್ಲಿ ಈಗಾಗಲೇ ಹಾಕಿರುವ ಕೆಲಸಗಳನ್ನು ಅಲ್ಲಿಗೆ ತರಲೂಬಹುದು. ವಿಕ್ಸ್ ಮತ್ತು ವರ್ಡ್‌ಪ್ರೆಸ್ ಡಾಟ್ ಕಾಮ್‌ಗಳಲ್ಲಿ ಉಚಿತವಾಗಿ ಆರಂಭಿಸಬಹುದಾದರೂ ಸ್ವಂತ ವಿಳಾಸ ಜೋಡಿಸಲು ಹಣ ತೆರಬೇಕು. ಸ್ಕ್ವೇರ್‌ಸ್ಪೇಸ್‌ನಲ್ಲಿ ಪ್ರಾಯೋಗಿಕ ಅವಧಿಯ ನಂತರ ಚಂದಾ ಕಡ್ಡಾಯ. ಗೂಗಲ್ ಸೈಟ್ಸ್ ಉಚಿತ ಮತ್ತು ಸರಳ, ಆದರೆ ವಿನ್ಯಾಸದ ಸ್ವಾತಂತ್ರ್ಯ ಕಡಿಮೆ. ಯಾವುದನ್ನೇ ಆರಿಸಿದರೂ ಅಲಂಕಾರ ಕಡಿಮೆಯಿರುವ, ಬಿಳಿ ಜಾಗ ಹೆಚ್ಚಿರುವ ಟೆಂಪ್ಲೇಟನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಬೀಳಬೇಕಾದದ್ದು ನಿಮ್ಮ ಕೆಲಸ.

ಪುಟಗಳು ಮೂರು ಸಾಕು: ಕೆಲಸಗಳು, ಪರಿಚಯ, ಸಂಪರ್ಕ. ತಾಣ ತೆರೆದಾಗ ಮೊದಲು ಕಾಣುವ ಪುಟದ ಆರಂಭದ ಸಾಲಿನಲ್ಲಿ ‘ಸೃಜನಶೀಲ ಮನಸ್ಸು’ ಮುಂತಾದ ಮಾತುಗಳ ಬದಲು, ‘ಮೈಸೂರಿನಲ್ಲಿದ್ದೇನೆ; ಪುಸ್ತಕದ ಮುಖಪುಟ ಮತ್ತು ಪ್ಯಾಕೇಜಿಂಗ್ ವಿನ್ಯಾಸ ಮಾಡುತ್ತೇನೆ’ ಎಂಬಂಥ ನೇರ ವಾಕ್ಯವಿರಲಿ.

ಕನ್ನಡ ಬಳಸುವವರು ಇನ್ನಷ್ಟು ಎಚ್ಚರ ವಹಿಸಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಪಠ್ಯವನ್ನು ಬಿಲ್ಡರ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣಿಸುತ್ತದೆ. ಆದ್ದರಿಂದ ಅದನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಮುಂತಾದವು ಉಚಿತವಾಗಿವೆ. ಅನೇಕ ಟೆಂಪ್ಲೇಟ್‌ಗಳ ಶೀರ್ಷಿಕೆಗಳಲ್ಲಿ ಇಂಗ್ಲಿಷಿಗೆಂದು ಅಕ್ಷರಗಳ ನಡುವೆ ಅಂತರ ಕೊಟ್ಟಿರುತ್ತಾರೆ. ಕನ್ನಡದಲ್ಲಿ ಅದು ಪದವನ್ನೇ ಒಡೆದಂತೆ ಕಾಣುವುದರಿಂದ ಸೊನ್ನೆಗೆ ಇಳಿಸಿ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ಅಂತರವನ್ನು ಅಕ್ಷರದ ಗಾತ್ರದ 1.6 ಪಟ್ಟಿನ ಆಸುಪಾಸಿಗೆ ಏರಿಸಿ. ‘ಸ್ವಾತಂತ್ರ್ಯ’, ‘ವೈಶಿಷ್ಟ್ಯ’ ಎಂದು ಬರೆದು ನೋಡಿದರೆ ಫಾಂಟಿನ ಯೋಗ್ಯತೆ ತಿಳಿದುಬಿಡುತ್ತದೆ.

ಹಣ ಖರ್ಚು ಮಾಡುವುದಾದರೆ ಮೊದಲು ಸ್ವಂತ ಡೊಮೇನ್ ಹೆಸರಿಗೆ, ಅಂದರೆ ತಾಣದ ವಿಳಾಸಕ್ಕೆ, ಮಾಡಿ. ಡಾಟ್ ಇನ್ ವಿಳಾಸದ ಜೊತೆಗೆ ಕನ್ನಡ ಲಿಪಿಯಲ್ಲೇ ಡಾಟ್ ಭಾರತ ವಿಳಾಸವೂ ಲಭ್ಯವಿದೆ. ನೋಂದಣಿ ನಿಮ್ಮ ಹೆಸರು ಮತ್ತು ಇಮೇಲ್‌ನಲ್ಲೇ ಇರಬೇಕು. ಮೊದಲ ವರ್ಷದ ರಿಯಾಯಿತಿ ದರವನ್ನಷ್ಟೇ ನೋಡದೆ ನವೀಕರಣದ ದರವನ್ನೂ ವಿಚಾರಿಸಿಕೊಳ್ಳಿ.

ಪ್ರಕಟಿಸುವ ಮೊದಲು ಇಡೀ ತಾಣವನ್ನು ಮೊಬೈಲಿನಲ್ಲಿ ಒಮ್ಮೆ ನಿಧಾನವಾಗಿ ನೋಡಿ, ಏಕೆಂದರೆ ಗ್ರಾಹಕರು ಹೆಚ್ಚಾಗಿ ಲಿಂಕ್ ಒತ್ತುವುದು ಅಲ್ಲಿಯೇ. ಕೊನೆಯದಾಗಿ, ಸಂಪರ್ಕ ಪುಟದ ಫಾರ್ಮ್ ತುಂಬಿ ನಿಮಗೆ ನೀವೇ ಒಂದು ಸಂದೇಶ ಕಳುಹಿಸಿ. ಅದು ಇನ್‌ಬಾಕ್ಸ್‌ಗೆ ಬಾರದಿದ್ದರೆ ಸ್ಪ್ಯಾಮ್ ಫೋಲ್ಡರ್ ತೆರೆದು ನೋಡಿ; ಅಲ್ಲಿಯೂ ಇಲ್ಲದಿದ್ದರೆ ಬಿಲ್ಡರ್‌ನ ಸೆಟ್ಟಿಂಗ್ಸ್‌ನಲ್ಲಿ ಕೊಟ್ಟಿರುವ ಇಮೇಲ್ ವಿಳಾಸವನ್ನು ಸರಿಪಡಿಸಿದ ಮೇಲೆಯೇ ಲಿಂಕನ್ನು ಹಂಚಿಕೊಳ್ಳಿ.