ಖಾಲಿ ಐತಿ ಅಂದರೂ ಬೆರಳಿಟ್ಟು ನೋಡುವುದು

ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಬೆಳೆ ರಕ್ಷಣೆಗೆಂದು ಲೈಸನ್ಸ್ ಪಡೆದ ಬಂದೂಕುಗಳಿವೆ. ನನ್ನದು ಇಶಾಪುರ ಕಾರ್ಖಾನೆಯ .315 ರೈಫಲ್. ಲೀ-ಎನ್‌ಫೀಲ್ಡ್ ಮಾದರಿಯ ಬೋಲ್ಟ್ (ಕಾಡತೂಸನ್ನು ಒಳಗೆ ದೂಡುವ, ಹೊರಗೆಳೆಯುವ ಹಿಡಿಯುಳ್ಳ ಸರಳು), ಐದು ಕಾಡತೂಸಿನ ಮ್ಯಾಗಝೀನ್. ಬೇರೆ ಮಾದರಿಯಲ್ಲಿ ಮ್ಯಾಗಝೀನಿನ ಕೊಂಡಿ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಇವುಗಳ ಜಾಗ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ.

ರೈಫಲ್ ಕೈಗೆ ಬಂದ ತಕ್ಷಣ, ಕೊಟ್ಟವರು ಯಾರೇ ಆಗಿರಲಿ, ಮೊದಲ ಕೆಲಸ ಖಾಲಿ ಮಾಡುವುದು. ನಳಿಗೆಯ ಬಾಯಿ ಮೆತ್ತನೆ ಮಣ್ಣಿನ ಕಡೆಗೆ. ಫರಸಿ ಕಲ್ಲಿನ ನೆಲದ ಕಡೆಗೆ ಬೇಡ, ಗುಂಡು ಪುಟಿಯುತ್ತದೆ. ಮೊದಲು ಮ್ಯಾಗಝೀನ್ ಬಿಚ್ಚುತ್ತೇನೆ. ಈ ಮಾದರಿಯಲ್ಲಿ ಅದರ ಕೊಂಡಿ ಟ್ರಿಗರ್ ಗಾರ್ಡಿನ ಒಳಗೇ, ಟ್ರಿಗರಿನ ಮುಂದೆಯೇ ಇದೆ. ಆದ್ದರಿಂದ ಸೇಫ್ಟಿ ಹಾಕಿಯೇ ಬೆರಳು ಒಳಗೆ ಹೋಗಬೇಕು. ಆಮೇಲೆ ಬೋಲ್ಟ್. ಸೇಫ್ಟಿ ಹಾಕಿದ್ದರೆ ಬೋಲ್ಟ್ ತೆರೆಯುವುದಿಲ್ಲ, ತೆಗೆಯಲೇಬೇಕು. ಅಂದರೆ ಖಾಲಿ ಮಾಡುವ ಹೊತ್ತಿನಲ್ಲೇ ರೈಫಲ್‌ಗೆ ಯಾವ ತಡೆಯೂ ಇರುವುದಿಲ್ಲ. ಆ ಒಂದೆರಡು ಸೆಕೆಂಡು ಕಾಪಾಡುವುದು ಬಾಯಿಯ ದಿಕ್ಕು ಒಂದೇ.

ಈ ಕ್ರಮ ತಿರುಗುಮುರುಗಾದರೆ ಏನಾಗುತ್ತದೆ? ಮ್ಯಾಗಝೀನ್ ಒಳಗಿದ್ದಾಗಲೇ ಬೋಲ್ಟ್ ಎಳೆದರೆ ಒಂದು ಕಾಡತೂಸು ಹೊರಗೆ ಬೀಳುತ್ತದೆ. ನೋಡುವವರಿಗೆ ಖಾಲಿಯಾಯಿತು ಅನಿಸುತ್ತದೆ. ಬೋಲ್ಟ್ ಮುಂದಕ್ಕೆ ದೂಡಿದಾಗ ಕೆಳಗಿನದು ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಜಾಗ) ಸೇರಿರುತ್ತದೆ. ಇನ್ನೊಂದು ಮೋಸವೂ ಇದೆ. ಕಾಡತೂಸನ್ನು ಹಿಡಿದೆಳೆಯುವ ಎಕ್ಸ್‌ಟ್ರಾಕ್ಟರಿನ ತುದಿ ಸವೆದಿದ್ದರೆ ಅಥವಾ ಕೊಳೆ ಕಟ್ಟಿದ್ದರೆ ಬೋಲ್ಟ್ ಬರಿಗೈಲಿ ಹಿಂದೆ ಬರುತ್ತದೆ, ಕಾಡತೂಸು ಒಳಗೇ ಕೂತಿರುತ್ತದೆ. ಹೀಗಾಗಿ ಕಣ್ಣಿನಿಂದ ನೋಡಿ, ಕಿರುಬೆರಳು ಚೇಂಬರ್ ಒಳಗೆ ಇಟ್ಟು ಮುಟ್ಟಿ ನೋಡುತ್ತೇನೆ. ಚೇಂಬರಿನ ಅಂಚು, ಖಾಲಿ ತೂತು ಬೆರಳಿಗೆ ಸಿಗಬೇಕು. ಹಿತ್ತಾಳೆಯ ತಣ್ಣನೆ ಚಪ್ಪಟೆ ಸಿಕ್ಕರೆ ಒಳಗೆ ಕಾಡತೂಸಿದೆ. “ಖಾಲಿ ಐತ್ರಿ, ಈಗಷ್ಟೇ ನೋಡೇನಿ” ಅಂದರೂ ಈ ಬೆರಳು ತಪ್ಪುವುದಿಲ್ಲ. ಹಾಗೆ ನೋಡಿದರೆ ಕೊಟ್ಟವರಿಗೆ ಅವಮಾನ ಅಂತ ನಮ್ಮ ಕಡೆ ತಿಳಿಯುವವರಿದ್ದಾರೆ. ತಿಳಿಯಲಿ.

ಹೊಲದಲ್ಲಿ ಬದು ದಾಟುವಾಗ, ಮುಳ್ಳುತಂತಿ ನುಸುಳುವಾಗ, ಮಂಚಿಕೆ ಹತ್ತುವಾಗ, ಟ್ರ್ಯಾಕ್ಟರಿನಲ್ಲಿ ಕೂಡುವಾಗ ಚೇಂಬರ್ ಖಾಲಿ, ಬೋಲ್ಟ್ ತೆರೆದು. ಕಬ್ಬಿನ ಪಡ ಗುಂಡಿಗೆ ಗೋಡೆಯಲ್ಲ, ಎಲೆ-ಜಲ್ಲೆ ಸೀಳಿಕೊಂಡು ಆಚೆ ಹೋಗುತ್ತದೆ, ಆಚೆ ಕಡಿಯುವ ಗ್ಯಾಂಗ್ ಇರಬಹುದು. ಇನ್ನೊಂದು ಮಾತು: ಬೆಳೆ ರಕ್ಷಣೆಯ ಲೈಸನ್ಸ್ ಅಂದರೆ ಹಂದಿ ಹೊಡೆಯುವ ಪರವಾನಗಿ ಅಲ್ಲ. 1972ರ ವನ್ಯಜೀವಿ ಕಾಯ್ದೆಯಂತೆ ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು.

ಟ್ರಿಗರ್ ಎಳೆದೂ ಹಾರದಿದ್ದರೆ ಬೋಲ್ಟಿಗೆ ಕೈ ಹಾಕದೆ, ಬಾಯಿ ಅದೇ ದಿಕ್ಕಿಗೆ ಹಿಡಿದು ಅರವತ್ತು ಎಣಿಸುತ್ತೇನೆ. ಥಂಡಿ ಹಿಡಿದ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಹಾರಿದ ಸಪ್ಪಳ ಮೆತ್ತಗೆ ಬಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ನಳಿಗೆ ನೋಡದೆ ಎರಡನೆಯದನ್ನು ಹಾರಿಸಿದರೆ ನಳಿಗೆ ಸೀಳುತ್ತದೆ.

ಸ್ವಚ್ಛ ಮಾಡುವುದು ಬೋಲ್ಟ್ ಪೂರ್ತಿ ಹೊರತೆಗೆದು, ಹಿಂದಿನಿಂದ. ಬೋಲ್ಟನ್ನು ಹಿಂದಕ್ಕೆಳೆದು ಅದರ ತಲೆಯನ್ನು ಮೇಲಕ್ಕೆ ತಿರುಗಿಸಿದರೆ ಕೈಗೆ ಬರುತ್ತದೆ. ಬಾಯಿಯ ಕಡೆಯಿಂದ ಸಲಾಕಿ ತೂರಿದರೆ ಅಂಚು ಸವೆದು ಗುರಿ ತಪ್ಪುತ್ತದೆ. ಎರಡಿಂಚು ಚೌಕದ ಫ್ಲಾನೆಲ್ ತುಂಡು, ಸಾಲ್ವೆಂಟ್, ಹಿತ್ತಾಳೆ ಬ್ರಶ್ ಹತ್ತು ಸಲ, ಮತ್ತೆ ಒಣ ತುಂಡು, ಬಿಳಿಯಾಗಿ ಬರುವವರೆಗೆ. ಕೊನೆಗೆ ಹೊಲಿಗೆ ಯಂತ್ರದ ಎಣ್ಣೆ ಎರಡೇ ಹನಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಬೋಲ್ಟ್ ಜಡವಾಗುತ್ತದೆ. ವಿಜಯಪುರದಂಥ ಧೂಳಿನ ಕಡೆ ಎಣ್ಣೆ ಇನ್ನೂ ಕಡಿಮೆ ಸಾಕು, ಹೆಚ್ಚಾದರೆ ಧೂಳು ಹಿಡಿದು ಸಾಣೆ ಪುಡಿಯಂತೆ ತಿನ್ನುತ್ತದೆ. ಹಾರಿಸುವ ಮುಂಚೆ ನಳಿಗೆಯ ಎಣ್ಣೆ ಒರೆಸಲೇಬೇಕು.

ಇಡುವುದು ಗೋಡೆಗೆ ಬಿಗಿದ ಕಬ್ಬಿಣದ ತಿಜೋರಿಯಲ್ಲಿ. ರೈಫಲಿನ ಬೋಲ್ಟ್ ಬೇರೆ ಖಾನೆಯಲ್ಲಿ, ಕಾಡತೂಸು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಕೀಲಿಯಲ್ಲಿ. ಲೈಸನ್ಸ್ ನನ್ನ ಹೆಸರಲ್ಲಿ ಇರುವುದರಿಂದ ಎರಡೂ ಕೀಲಿ ನನ್ನ ಹತ್ತಿರವೇ. ಚರ್ಮದ ಚೀಲ ಸಾಗಿಸಲಿಕ್ಕೆ ಸರಿ, ಅದರಲ್ಲೇ ಇಟ್ಟುಬಿಟ್ಟರೆ ಚರ್ಮ ನೀರು ಹೀರಿ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೆಗೆದು ಒರೆಸುತ್ತೇನೆ. ಒಳಗೆ ಸಿಲಿಕಾ ಜೆಲ್ ಅರ್ಧ ಕೆಜಿಯ ಎರಡು ಚೀಲ. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿದೆ ಎಂದರ್ಥ. ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ, ಆದರೆ ಅಡುಗೆ ಬಾಣಲೆಯಲ್ಲಿ ಅಲ್ಲ, ಆ ನೀಲಿಯಲ್ಲಿ ಕೋಬಾಲ್ಟ್ ವಿಷವಿದೆ.

ಖಂಡೇನವಮಿಗೆ ಪೂಜೆ ಮಾಡುವಾಗ ಬೋಲ್ಟ್ ಇಲ್ಲದ ರೈಫಲನ್ನಷ್ಟೇ ಮಣೆಯ ಮೇಲೆ ಇಡುತ್ತೇನೆ. ಒದ್ದೆ ಅರಿಷಿಣ-ಕುಂಕುಮ ಹಚ್ಚುವುದು ರೈಫಲಿನ ಮರದ ಹಿಂಭಾಗಕ್ಕೆ ಮಾತ್ರ. ಲೋಹಕ್ಕೆ ಹಚ್ಚಿ ರಾತ್ರಿ ಬಿಟ್ಟರೆ ಬೆಳಗ್ಗೆ ಅದರಡಿ ತುಕ್ಕಿನ ಚುಕ್ಕೆ. ಹಬ್ಬಕ್ಕೆ, ಮದುವೆಗೆ ಗಾಳಿಯಲ್ಲಿ ಹಾರಿಸುವುದಂತೂ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಮೇಲೆ ಹೋದ ಗುಂಡು ಯಾರದೋ ಅಂಗಳಕ್ಕೆ ಬೀಳಲೇಬೇಕಲ್ಲ.

ಚುನಾವಣೆ ಹೊತ್ತಿಗೆ ರೈಫಲನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಇಡುವಾಗ ಬಹಳ ಜನ ಅಲಕ್ಷ್ಯ ಮಾಡುತ್ತಾರೆ. 2024ರಲ್ಲಿ ಲೋಕಸಭೆ ಚುನಾವಣೆಯ ಘೋಷಣೆ ಮಾರ್ಚ್ 16ಕ್ಕೆ, ನಮ್ಮಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಸುಮಾರು ಎರಡೂವರೆ ತಿಂಗಳು ಮುಟ್ಟದೆ ನಿಂತ ರೈಫಲ್ ಮಳೆ ಹಿಡಿಯುವ ಹೊತ್ತಿಗೆ ಮನೆಗೆ ಬರುತ್ತದೆ. ಒಪ್ಪಿಸುವ ಮುಂಚೆ ಒಳಗೂ ಹೊರಗೂ ಎಣ್ಣೆ ದಪ್ಪಗೆ ಸವರಿ, ಬೋಲ್ಟನ್ನು ಅದೇ ರೈಫಲ್‌ಗೆ ಕಟ್ಟಿ, ಚೀಟಿಯಲ್ಲಿ ನಂಬರ್ ಬರೆದು, ರಸೀದಿಯಲ್ಲೂ ಅದೇ ನಂಬರ್ ಬರೆಸುತ್ತೇನೆ. ವಾಪಸ್ ತರುವಾಗ ಬೋಲ್ಟಿನ ಹಿಡಿಯ ನಂಬರ್ ರೈಫಲ್ ನಂಬರಿಗೆ ತಾಳೆ ನೋಡಬೇಕು. ಬೇರೆಯವರ ಬೋಲ್ಟ್ ಸಲೀಸಾಗಿ ಕೂಡುತ್ತದೆ, ಆದರೆ ಕಾಡತೂಸಿನ ಹಿಂದಿನ ಸಂದು ಹೆಚ್ಚಿದ್ದರೆ ಹಾರಿಸಿದಾಗ ಅದು ಒಡೆದು ಬಿಸಿ ಗಾಳಿ ಮುಖಕ್ಕೆ ಬರಬಹುದು. ಬಳಿಕ ಚೇಂಬರಿಗೆ ಬೆರಳು, ಆಮೇಲೆ ಹಿಂದಿನಿಂದ ನಳಿಗೆಯಲ್ಲಿ ಬೆಳಕು ನೋಡುವುದು. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಎಂಟು ಮಿಲಿಮೀಟರಿನ ತೂತು ಹೇಳಿ ಮಾಡಿಸಿದಂತಿರುತ್ತದೆ. ಬೆಳಕು ದುಂಡಗೆ ಕಾಣದಿದ್ದರೆ ಠಾಣೆಯ ಕಟ್ಟೆಯ ಮೇಲೇ ಸಲಾಕಿ ಹಾಕಿ ತೆಗೆದು, ನಂತರವೇ ಚೀಲಕ್ಕೆ ಹಾಕುತ್ತೇನೆ.