ಸಂತೆ ದಿನದ ಮಾತ್ರೆ: ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಗಳನ್ನು ತೆಗೆದುಕೊಳ್ಳುವುದು ಹೇಗೆ?

ಮಲೆಬೆನ್ನೂರಿನ ನಮ್ಮ ಚಿಕ್ಕಮ್ಮನಿಗೆ ಆಮವಾತ. ಬೆಳಿಗ್ಗೆ ಎದ್ದರೆ ಒಂದು ಗಂಟೆ ಕಾಲ ಬೆರಳು ಮಡಚಲಾಗುತ್ತಿರಲಿಲ್ಲ. ರೊಟ್ಟಿ ತಟ್ಟುವುದನ್ನು ಬಿಟ್ಟು ವರ್ಷವಾಗಿತ್ತು. ದಾವಣಗೆರೆಯ ವೈದ್ಯರೊಬ್ಬರು ಮೆಥೊಟ್ರೆಕ್ಸೇಟ್ ಬರೆದುಕೊಟ್ಟರು, ವಾರಕ್ಕೆ ಒಂದೇ ಸಲ ಎಂದು. ಔಷಧಿ ಅಂಗಡಿಯ ಹುಡುಗ ಮಾತ್ರೆಯ ಪಟ್ಟಿಯ ಮೇಲೆ ‘ರಾತ್ರಿ 1’ ಎಂದಷ್ಟೇ ಗೀಚಿದ. ಚಿಕ್ಕಮ್ಮ ಅದನ್ನು ನಂಬಿ ದಿನಾ ರಾತ್ರಿ ಒಂದೊಂದು ನುಂಗಿದರು. ಎಂಟನೆಯ ದಿನ ಬಾಯೆಲ್ಲ ಹುಣ್ಣು, ನೀರು ಕುಡಿದರೂ ಉರಿ. ರಕ್ತದ ಬಿಳಿಕಣಗಳು ಪಾತಾಳಕ್ಕೆ ಇಳಿದಿದ್ದವು. ಫೋಲಿನಿಕ್ ಆಮ್ಲದ ಇಂಜೆಕ್ಷನ್ ಕೊಟ್ಟು, ಹತ್ತು ದಿನ ವಾರ್ಡಿನಲ್ಲಿಟ್ಟು ಉಳಿಸಿಕೊಂಡರು. ಈಗ ಅದೇ ಮಾತ್ರೆಯನ್ನು ವಾರಕ್ಕೊಮ್ಮೆ ತೆಗೆದುಕೊಂಡು ಮತ್ತೆ ರೊಟ್ಟಿ ತಟ್ಟುತ್ತಿದ್ದಾರೆ. ಮಾತ್ರೆಯೂ ಅದೇ, ಮೈಯೂ ಅದೇ. ಬದಲಾದದ್ದು ಕ್ಯಾಲೆಂಡರ್ ಮಾತ್ರ.

ಆಮವಾತ, ಲೂಪಸ್, ಸೋರಿಯಾಸಿಸ್, ಕರುಳಿನ ಉರಿಯೂತ, ಕಿಡ್ನಿ ಕಸಿ: ಹೀಗೆ ಬೇರೆ ಬೇರೆ ಕಾರಣಗಳಿಗೆ ಈ ಔಷಧಿಗಳನ್ನು ತೆಗೆದುಕೊಳ್ಳುವವರು ಈಗ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ನಿಯಮಗಳನ್ನು ಬಾಯಿಪಾಠ ಮಾಡಿದರೆ ನಾಲ್ಕು ದಿನಕ್ಕೆ ಮರೆತುಹೋಗುತ್ತವೆ. ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ ಎಂದು ತಿಳಿದರೆ ನಿಯಮ ತಾನಾಗಿಯೇ ನೆನಪಿರುತ್ತದೆ.

ಮುಖ್ಯ ನಾಲೆಯೋ, ತೂಬೋ?

ಚಿತ್ರದುರ್ಗದವರಿಗೆ ಕೂಡಲೇ ಕೋಟೆಯ ಹೋಲಿಕೆ ಹೊಳೆಯುತ್ತದೆ, ಆದರೆ ಇಲ್ಲಿ ಅದು ಹೊಂದುವುದಿಲ್ಲ. ಈ ಕಾಯಿಲೆಗಳಲ್ಲಿ ಹೊರಗಿನ ಶತ್ರುವೇ ಇರುವುದಿಲ್ಲ. ನಮ್ಮದೇ ರಕ್ಷಣಾ ಕಣಗಳು ನಮ್ಮ ಕೀಲನ್ನೋ ಚರ್ಮವನ್ನೋ ಪರಕೀಯವೆಂದು ಬಗೆದು ಮೇಲೆ ಬೀಳುತ್ತವೆ. ಕಸಿ ಮಾಡಿದ ಕಿಡ್ನಿಯಂತೂ ನಿಜಕ್ಕೂ ಪರರದ್ದೇ. ಇದಕ್ಕಿಂತ ಭದ್ರಾ ನಾಲೆಯ ಹೋಲಿಕೆ ಮೇಲು. ಅಚ್ಚುಕಟ್ಟಿನಲ್ಲಿ ಒಂದು ಗದ್ದೆ ಜೌಗಾಗಿ ಬೆಳೆ ಕೊಳೆಯುತ್ತಿದೆ ಎನ್ನಿ. ಮುಖ್ಯ ನಾಲೆಯ ಗೇಟನ್ನೇ ಇಳಿಸಬಹುದು, ಉಪನಾಲೆಯನ್ನು ತಡೆಯಬಹುದು, ಇಲ್ಲವೇ ಆ ಗದ್ದೆಯ ತೂಬನ್ನಷ್ಟೇ ಮುಚ್ಚಬಹುದು.

ಮುಖ್ಯ ಗೇಟು ಎಂದರೆ ಸ್ಟಿರಾಯ್ಡ್. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ 1948ರಲ್ಲಿ ಫಿಲಿಪ್ ಹೆಂಚ್ ಹಾಸಿಗೆ ಹಿಡಿದಿದ್ದ ಆಮವಾತದ ರೋಗಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದರು. 1950ರಲ್ಲಿ ನೊಬೆಲ್ ಬಂತು. ಅಡ್ಡ ಪರಿಣಾಮಗಳು ಅದರ ಬೆನ್ನಿಗೇ ಬಂದವು. ಗೇಟು ಇಳಿಸಿದರೆ ಜೌಗು ಗದ್ದೆಗಷ್ಟೇ ಅಲ್ಲ, ಇಡೀ ಅಚ್ಚುಕಟ್ಟಿಗೆ ನೀರು ನಿಲ್ಲುತ್ತದಲ್ಲ!

ಉಪನಾಲೆಯ ಮಟ್ಟದಲ್ಲಿ ಹಳೆಯ ಮಾತ್ರೆಗಳಿವೆ. ಅಜಥಯೋಪ್ರಿನ್ ಮತ್ತು ಮೈಕೊಫಿನೊಲೇಟ್ ರಕ್ಷಣಾ ಕಣಗಳು ಹೆಚ್ಚಿಕೊಳ್ಳಲು ಬೇಕಾದ ಡಿಎನ್‌ಎ ಸಾಮಗ್ರಿಯನ್ನು ತಡೆಯುತ್ತವೆ. ಮೆಥೊಟ್ರೆಕ್ಸೇಟ್ ಫೋಲಿಕ್ ಆಮ್ಲದ ದಾರಿಗೆ ಅಡ್ಡ ನಿಲ್ಲುತ್ತದೆ. ಸೈಕ್ಲೋಸ್ಪೊರಿನ್ ಮತ್ತು ಟ್ಯಾಕ್ರೊಲಿಮಸ್ ಇನ್ನೂ ಜಾಣ: ‘ಟಿ’ ಎಂಬ ರಕ್ಷಣಾ ಕಣ ತನ್ನ ಸಂಗಡಿಗರನ್ನು ಕೂಗಿ ಕರೆಯುವ ಇಂಟರ್‌ಲ್ಯುಕಿನ್-2 ಎಂಬ ಸಂದೇಶವೇ ತಯಾರಾಗದಂತೆ ಮಾಡುತ್ತವೆ. ಇವೆರಡೂ ಹುಟ್ಟಿದ್ದು ಮಣ್ಣಿನಿಂದ. ಮೊದಲನೆಯದು ನಾರ್ವೆಯ ಪ್ರಸ್ಥಭೂಮಿಯಿಂದ ತಂದ ಹಿಡಿ ಮಣ್ಣಿನ ಶಿಲೀಂಧ್ರದಲ್ಲಿ, ಎರಡನೆಯದು 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿತು. 1954ರಲ್ಲಿ ಬಾಸ್ಟನ್ನಿನಲ್ಲಿ ಮೊದಲ ಕಿಡ್ನಿ ಕಸಿ ಯಶಸ್ವಿಯಾದದ್ದು ಇಬ್ಬರೂ ತದ್ರೂಪಿ ಅವಳಿಗಳಾಗಿದ್ದರಿಂದ. ಅವಳಿಯಿಲ್ಲದ ನಮ್ಮಂಥವರಿಗೆ ಕಸಿ ಸಾಧ್ಯವಾಗಲು ಈ ಔಷಧಿಗಳೇ ಬರಬೇಕಾಯಿತು.

ತೂಬಿನ ಮಟ್ಟದ್ದು ಬಯಾಲಜಿಕ್, ಅಂದರೆ ಜೀವಂತ ಕಣಗಳಲ್ಲಿ ತಯಾರಿಸಿದ ಪ್ರೋಟೀನಿನ ಇಂಜೆಕ್ಷನ್. ಹೆಸರಿನ ಬಾಲ ನೋಡಿದರೆ ಜಾತಿ ತಿಳಿಯುತ್ತದೆ. ‘ಮ್ಯಾಬ್’ ಎಂದು ಮುಗಿದರೆ ಒಂದೇ ಗುರಿಗೆ ಅಂಟುವ ಪ್ರತಿಕಾಯ: ಅಡಾಲಿಮುಮ್ಯಾಬ್ ಟಿಎನ್‌ಎಫ್ ಎಂಬ ಉರಿಯೂತದ ಸಂದೇಶವನ್ನು, ಸೆಕುಕಿನುಮ್ಯಾಬ್ ಇಂಟರ್‌ಲ್ಯುಕಿನ್-17ನ್ನು ಹಿಡಿಯುತ್ತದೆ, ರಿಟುಕ್ಸಿಮ್ಯಾಬ್ ‘ಬಿ’ ಎಂಬ ರಕ್ಷಣಾ ಕಣಗಳನ್ನೇ ತೆಗೆದುಹಾಕುತ್ತದೆ. ಟೋಫಾಸಿಟಿನಿಬ್‌ನಂತೆ ‘ನಿಬ್’ ಬಾಲವಿದ್ದರೆ ಅದು ಮಾತ್ರೆ. ಹೊರಗಿನ ಸಂದೇಶವನ್ನು ಮುಟ್ಟದೆ, ಕಣದೊಳಗೆ ಅದನ್ನು ಮುಟ್ಟಿಸುವ ಕಿಣ್ವವನ್ನು ತಡೆಯುತ್ತದೆ. ಒಂದು ಎಚ್ಚರಿಕೆ: ಕ್ಯಾನ್ಸರಿಗೆ ಕೊಡುವ ನಿವೊಲುಮ್ಯಾಬ್‌ನದೂ ಅದೇ ಬಾಲ, ಕೆಲಸ ಮಾತ್ರ ತಿರುಗುಮುರುಗು. ಅದು ರಕ್ಷಣಾ ಕಣಗಳ ಬ್ರೇಕು ತೆಗೆದು ಗಡ್ಡೆಯ ಮೇಲೆ ಬಿಡುತ್ತದೆ. 2018ರ ನೊಬೆಲ್ ಈ ಉಪಾಯಕ್ಕೇ ಸಂದಿತು.

ಶುರು ಮಾಡುವ ಮುನ್ನ

ನಿಮ್ಮ ಔಷಧಿ ಯಾವ ಗೇಟಿನದು ಎಂದು ವೈದ್ಯರನ್ನು ಕೇಳಿ ತಿಳಿದುಕೊಳ್ಳುವುದು ಮೊದಲ ಹೆಜ್ಜೆ. ಎರಡನೆಯದು, ಒಳಗೆ ಮಲಗಿರುವ ಕಾಯಿಲೆಗಳ ಹುಡುಕಾಟ. ಕ್ಷಯದ ಕೀಟಾಣು ನಮ್ಮಲ್ಲಿ ಎಷ್ಟೋ ಜನರ ಶ್ವಾಸಕೋಶದಲ್ಲಿ ಸದ್ದಿಲ್ಲದೆ ಇರುತ್ತದೆ. ದೇಹ ಅದರ ಸುತ್ತ ಕಣಗಳ ಗೋಡೆ ಕಟ್ಟಿ ಕೂಡಿಹಾಕಿರುತ್ತದೆ, ಆ ಗೋಡೆಯ ಗಾರೆಯೇ ಟಿಎನ್‌ಎಫ್. ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ಕೊಟ್ಟರೆ ಗಾರೆ ಉದುರುತ್ತದೆ, ಕ್ಷಯ ಹೊರಬರುತ್ತದೆ. ಆದ್ದರಿಂದಲೇ ಎದೆಯ ಎಕ್ಸ್-ರೇ, ಮ್ಯಾಂಟೂ ಎಂಬ ಚರ್ಮದ ಪರೀಕ್ಷೆ ಅಥವಾ ಇಗ್ರಾ ಎಂಬ ರಕ್ತ ಪರೀಕ್ಷೆ. ‘ನನಗೆ ಕೆಮ್ಮೇ ಇಲ್ಲ, ಇದೆಲ್ಲ ದುಡ್ಡು ಕೀಳುವ ದಾರಿ’ ಎಂದು ಗೊಣಗುವವರನ್ನು ನಾನು ಕಂಡಿದ್ದೇನೆ. ಕೆಮ್ಮು ಇಲ್ಲದಿರುವಾಗಲೇ ಈ ಪರೀಕ್ಷೆ ಬೇಕಾಗುವುದು.

ಹೆಪಟೈಟಿಸ್ ಬಿ ಮತ್ತು ಸಿ, ರಕ್ತಕಣಗಳ ಎಣಿಕೆ, ಲಿವರ್, ಕಿಡ್ನಿ: ಇವೂ ಆಗಬೇಕು. ಗದ್ದೆಯಲ್ಲಿ ಬರಿಗಾಲಲ್ಲಿ ದುಡಿದವರು ಅದನ್ನು ವೈದ್ಯರಿಗೆ ಹೇಳಬೇಕು. ಪಾದದ ಚರ್ಮದಿಂದ ಒಳಹೊಕ್ಕು ಕರುಳಿನಲ್ಲಿ ದಶಕಗಟ್ಟಲೆ ಅಡಗಿರುವ ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳುವಿದೆ. ಸ್ಟಿರಾಯ್ಡ್ ಕೊಟ್ಟಾಗ ಅದು ಮೈಯೆಲ್ಲ ಹರಡಿ ಪ್ರಾಣಕ್ಕೇ ಕುತ್ತಾಗಬಹುದು. ಮೊದಲೇ ಗೊತ್ತಾದರೆ ಐವರ್‌ಮೆಕ್ಟಿನ್ ಮಾತ್ರೆಯಲ್ಲಿ ಮುಗಿಯುತ್ತದೆ.

ಲಸಿಕೆಗಳನ್ನೂ ಸಾಧ್ಯವಾದಷ್ಟು ಮೊದಲೇ ಹಾಕಿಸಿಕೊಳ್ಳಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳು ಮುಂದೆಯೂ ಸಲ್ಲುತ್ತವೆ. ಸಿಡುಬಮ್ಮ (ಚಿಕನ್ ಪಾಕ್ಸ್), ದಡಾರ ಮುಂತಾದವುಗಳ ಜೀವಂತ ಲಸಿಕೆಗಳು ಚಿಕಿತ್ಸೆ ಶುರುವಾದ ಮೇಲೆ ಸಾಮಾನ್ಯವಾಗಿ ಸಲ್ಲವು. ಮಗು ಬೇಕೆನ್ನುವ ದಂಪತಿಗಳು ಮೊದಲೇ ಬಾಯಿಬಿಟ್ಟು ಹೇಳಬೇಕು: ಮೆಥೊಟ್ರೆಕ್ಸೇಟ್ ಮತ್ತು ಮೈಕೊಫಿನೊಲೇಟ್ ಗರ್ಭಕ್ಕೆ ಹಾನಿ ಮಾಡುತ್ತವೆ, ತಿಂಗಳುಗಳ ಮುಂಚೆಯೇ ಬದಲಿಸಬೇಕಾಗುತ್ತದೆ.

ವಾರದ ಮಾತ್ರೆಗೆ ಸಂತೆ ದಿನ

ಮೆಥೊಟ್ರೆಕ್ಸೇಟಿಗೆ ‘ಬುಧವಾರ’ ಎಂದು ಗೊತ್ತುಮಾಡುವುದಕ್ಕಿಂತ ನಿಮ್ಮ ಊರಿನ ಸಂತೆ ದಿನವನ್ನು ಗೊತ್ತುಮಾಡುವುದು ಲೇಸು. ವಾರ ಮರೆತವರು ಇದ್ದಾರೆ, ಸಂತೆ ಮರೆತವರನ್ನು ನಾನು ಕಂಡಿಲ್ಲ. ಚೀಟಿಯಲ್ಲಿ ಆ ವಾರದ ಹೆಸರನ್ನು ವೈದ್ಯರ ಕೈಯಲ್ಲೇ ಬರೆಸಿ. ಜೊತೆಗೆ ಕೊಡುವ ಫೋಲಿಕ್ ಆಮ್ಲ ಬೇರೆ ದಿನಕ್ಕಿರಲಿ. ಎರಡೂ ಹಳದಿ ಬಣ್ಣದ ಪುಟಾಣಿ ಮಾತ್ರೆಗಳಾಗಿರುವುದು ಸಾಮಾನ್ಯ; ಒಂದೇ ಡಬ್ಬಿಗೆ ಸುರಿಯಬೇಡಿ. ಸಂತೆ ದಿನ ತಪ್ಪಿಹೋದರೆ ಮುಂದಿನ ವಾರ ಎರಡು ಪಟ್ಟು ನುಂಗುವಂತಿಲ್ಲ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಮದ್ಯ ಲಿವರಿಗೆ ಎರಡನೇ ಪೆಟ್ಟು.

ಬೇರೆ ಕಾಯಿಲೆಗೆ ಬೇರೆ ವೈದ್ಯರ ಬಳಿ ಹೋದಾಗ ಎಡವಟ್ಟಾಗುವುದುಂಟು. ಮೆಥೊಟ್ರೆಕ್ಸೇಟಿನ ಜೊತೆ ಕೋಟ್ರೈಮಾಕ್ಸಜೋಲ್ ಎಂಬ ಸಲ್ಫಾ ಮಾತ್ರೆ, ಅಜಥಯೋಪ್ರಿನ್ ಜೊತೆ ಯೂರಿಕ್ ಆಮ್ಲಕ್ಕೆ ಕೊಡುವ ಅಲೊಪ್ಯೂರಿನಾಲ್: ಈ ಎರಡು ಜೋಡಿಗಳು ಅಸ್ಥಿಮಜ್ಜೆಯನ್ನೇ ಒಣಗಿಸಬಲ್ಲವು.

ಸ್ಟಿರಾಯ್ಡ್: ಇಳಿಯುವುದು ಮೆಟ್ಟಿಲಾಗಿ

ಬೆಳಿಗ್ಗೆ, ತಿಂಡಿಯಾದ ಮೇಲೆ. ರಾತ್ರಿ ತೆಗೆದುಕೊಂಡರೆ ನಿದ್ದೆ ಹತ್ತುವುದಿಲ್ಲ. ಹಸಿವು ಮಾತ್ರ ಕೆಟ್ಟದಾಗಿ ಹತ್ತುತ್ತದೆ, ಬೆಣ್ಣೆ ದೋಸೆಯ ಊರಿನಲ್ಲಿ ಇದೊಂದು ಪರೀಕ್ಷೆಯೇ ಸರಿ. ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬರೆದಿದ್ದರೆ ಬಿಡಬೇಡಿ.

ಮೂರು ವಾರಕ್ಕಿಂತ ಹೆಚ್ಚು ತೆಗೆದುಕೊಂಡವರು ಒಮ್ಮೆಗೇ ನಿಲ್ಲಿಸಬಾರದು. ಹೊರಗಿನಿಂದ ಸಿಗುತ್ತಿರುವಾಗ ಕಿಡ್ನಿಯ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಿ ಮಲಗಿರುತ್ತದೆ. ಅದು ಮತ್ತೆ ಏಳಲು ಕಾಲ ಬೇಕು. ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು, ವಾಂತಿಯಾಗಿ, ಮನುಷ್ಯ ಕುಸಿಯುತ್ತಾನೆ. ‘ಒಂದೇ ದಿನದಲ್ಲಿ ಮಂಡಿನೋವು ಮಾಯ’ ಎಂದು ಹೆಸರಿಲ್ಲದ ಪೊಟ್ಟಣದಲ್ಲಿ ಮಾರುವ ಪುಡಿಗಳಲ್ಲಿ ಎಷ್ಟೋ ಸಲ ಇರುವುದು ಇದೇ ಸ್ಟಿರಾಯ್ಡ್. ನಾಟಿ ಔಷಧಿಯೆಂಬ ಗೌರವದಿಂದ ಅದನ್ನು ನುಂಗಿದವರಿಗೆ ತಾವು ಏನನ್ನು ನಿಲ್ಲಿಸುತ್ತಿದ್ದೇವೆ ಎಂಬುದೂ ತಿಳಿದಿರುವುದಿಲ್ಲ.

ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯಗಳ ಬಗ್ಗೆಯೂ ಎರಡು ಮಾತು. ಅತ್ತ ತೂಬು ಮುಚ್ಚಿ ಇತ್ತ ಪಂಪು ಹಚ್ಚಿದರೆ ಏನು ಬಂತು? ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರಿನ ಉರಿಯೂತ ಕಂಡದ್ದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಈ ಔಷಧಿಗಳ ಮೇಲಿರುವವರು ಬಳ್ಳಿಯ ತಂಟೆಗೆ ಹೋಗದಿರುವುದೇ ಜಾಣತನ ಎಂದು ನನ್ನ ಎಣಿಕೆ.

ಕಸಿಯಾದವರ ಗಡಿಯಾರ

ಟ್ಯಾಕ್ರೊಲಿಮಸ್ ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ. ರಕ್ತದಲ್ಲಿ ಕಡಿಮೆಯಾದರೆ ದೇಹ ಕಿಡ್ನಿಯನ್ನು ತಿರಸ್ಕರಿಸಬಹುದು, ಹೆಚ್ಚಾದರೆ ಅದೇ ಕಿಡ್ನಿಗೆ ವಿಷ. ಮಟ್ಟದ ಪರೀಕ್ಷೆಗೆ ಹೋಗುವ ಬೆಳಿಗ್ಗೆ ಮಾತ್ರೆ ನುಂಗದೆ ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಿ. ಚಕ್ಕೋತ ಹಣ್ಣು ಬೇಡ: ಈ ಔಷಧಿಯನ್ನು ಕರಗಿಸುವ ಕಿಣ್ವವನ್ನು ಅದು ತಡೆದು ಮಟ್ಟ ಏರಿಸುತ್ತದೆ. ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಕ್ಲಾರಿಥ್ರೊಮೈಸಿನ್, ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲುಕೊನಜೋಲ್ ಕೂಡ ಹಾಗೆಯೇ; ಕ್ಷಯದ ರಿಫಾಂಪಿಸಿನ್ ಮಾತ್ರ ತದ್ವಿರುದ್ಧವಾಗಿ ಮಟ್ಟ ಇಳಿಸುತ್ತದೆ. ‘ಆ ಕಂಪನಿಯದು ಇಲ್ಲ, ಇದೂ ಅದೇ’ ಎಂದು ಅಂಗಡಿಯವರು ಕೊಟ್ಟರೆ ವೈದ್ಯರಿಗೆ ಒಂದು ಫೋನ್ ಮಾಡಿಯೇ ತೆಗೆದುಕೊಳ್ಳಿ.

ಬಸ್ಸಿನಲ್ಲಿ ಬರುವ ಇಂಜೆಕ್ಷನ್

ಬಯಾಲಜಿಕ್ ದುಬಾರಿ, ಆದರೆ ಮೊದಲಿನಷ್ಟಲ್ಲ. ಅಡಾಲಿಮುಮ್ಯಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್ (ಮೂಲ ಔಷಧಿಯನ್ನೇ ಹೋಲುವ, ಬೇರೆ ಕಂಪನಿಯ ತಯಾರಿಕೆ) 2014ರಲ್ಲಿ ಮಾರುಕಟ್ಟೆಗೆ ಬಂದದ್ದು ಭಾರತದಲ್ಲೇ. ಸಿರಿಂಜನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬೆಂಗಳೂರಿನಿಂದ ತರುವವರು ಐಸ್ ಪ್ಯಾಕಿಗೂ ಡಬ್ಬಿಗೂ ನಡುವೆ ಬಟ್ಟೆ ಇಡಿ. ಹೆಪ್ಪುಗಟ್ಟಿದರೆ ಪ್ರೋಟೀನ್ ಕೆಡುತ್ತದೆ, ಕರಗಿಸಿ ಬಳಸುವಂತಿಲ್ಲ. ಮನೆಯಲ್ಲಿ ಫ್ರಿಜ್ಜಿನ ನಡುವಿನ ಅರೆ ಸರಿ. ಕರೆಂಟು ಹೋದರೆ ಬಾಗಿಲು ತೆರೆದು ತೆರೆದು ನೋಡಬೇಡಿ. ಚುಚ್ಚುವ ಅರ್ಧ ಗಂಟೆ ಮೊದಲು ಹೊರಗಿಟ್ಟರೆ ನೋವು ಕಡಿಮೆ. ತೊಡೆ, ಹೊಟ್ಟೆ ಎಂದು ಜಾಗ ಬದಲಿಸುತ್ತಿರಿ.

ಜ್ವರ ಬಂದರೆ

100.4 ಫ್ಯಾರನ್‌ಹೀಟ್ ದಾಟಿದರೆ ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಸ್ಟಿರಾಯ್ಡ್ ಮತ್ತು ಇಂಟರ್‌ಲ್ಯುಕಿನ್-6 ತಡೆಯುವ ಟೊಸಿಲಿಜುಮ್ಯಾಬ್ ಜ್ವರವನ್ನೇ ಮುಚ್ಚಿಹಾಕುತ್ತವೆ, ಆದ್ದರಿಂದ ಜ್ವರವಿಲ್ಲದೆಯೂ ತೀರಾ ಸುಸ್ತು, ಉಸಿರುಗಟ್ಟುವುದು ಕಂಡರೆ ಅದನ್ನೇ ಜ್ವರವೆಂದು ತಿಳಿಯಿರಿ. ಸೋಂಕು ಇರುವಾಗ ಮೆಥೊಟ್ರೆಕ್ಸೇಟ್, ಬಯಾಲಜಿಕ್‌ಗಳನ್ನು ವೈದ್ಯರು ಕೆಲವು ದಿನ ನಿಲ್ಲಿಸಬಹುದು. ಸ್ಟಿರಾಯ್ಡ್ ಮತ್ತು ಕಸಿಯ ಔಷಧಿಗಳನ್ನು ನೀವಾಗಿಯೇ ನಿಲ್ಲಿಸಬೇಡಿ.

ಸರ್ಪಸುತ್ತು ಎದ್ದಾಗ ಮಂತ್ರ ಹಾಕಿಸಿ, ಕೆಮ್ಮಣ್ಣು ಹಚ್ಚಿ ಮೂರು ದಿನ ಕಳೆಯುವುದು ನಮ್ಮ ಕಡೆ ಇನ್ನೂ ಇದೆ. ಅದು ಹಿಂದೆಂದೋ ಬಂದಿದ್ದ ಸಿಡುಬಮ್ಮನ (ಚಿಕನ್ ಪಾಕ್ಸ್) ವೈರಸ್ಸೇ ಮತ್ತೆ ಎದ್ದದ್ದು. ‘ನಿಬ್’ ಮಾತ್ರೆಗಳವರಲ್ಲಿ ಹೆಚ್ಚು. ವೈರಸ್ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮಂತ್ರ ಹಾಕಿಸಲೇಬೇಕೆಂದರೆ ಮಾತ್ರೆ ನುಂಗಿ ಹೋಗಿ.

ಊಟದಲ್ಲಿ ಬಿಸಿಯಾದದ್ದು ಆದೀತು. ಎಣ್ಣೆಯಿಂದ ಆಗತಾನೇ ತೆಗೆದ ಮಿರ್ಚಿಗೆ ಅಡ್ಡಿಯಿಲ್ಲ. ಮಂಡಕ್ಕಿಯ ಮೇಲೆ ಉದುರಿಸುವ ಹಸಿ ಈರುಳ್ಳಿ, ಕತ್ತರಿಸಿಟ್ಟ ಹಣ್ಣು, ಕಾಯಿಸದ ಹಾಲು ಬೇಡ.

ಕೊನೆಯದಾಗಿ ಒಂದು ಚೀಟಿ ಮಾಡಿಕೊಳ್ಳಿ: ಔಷಧಿಯ ಹೆಸರು, ಎಷ್ಟು, ಯಾವ ವಾರ, ಯಾವ ಕಾಯಿಲೆಗೆ, ವೈದ್ಯರ ಫೋನ್. ಹಲ್ಲಿನ ವೈದ್ಯರಿಗೂ ಅದನ್ನೇ ತೋರಿಸಿ. ಮೊಬೈಲಿನಲ್ಲೂ ಒಂದು ಫೋಟೊ ಇರಲಿ. ಚಿಕ್ಕಮ್ಮನ ಚೀಟಿ ಎಲೆ ಅಡಿಕೆ ಚೀಲದಲ್ಲಿದೆ, ಸುಣ್ಣದ ಕಲೆಯಾಗಿ ಮೂಲೆ ಹರಿದಿದೆ. ‘ವಾರಕ್ಕೆ ಒಂದೇ ಸಲ’ ಎಂಬ ಸಾಲಿನ ಕೆಳಗೆ ಅವರೇ ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದಿದ್ದಾರೆ.