ಆನ್‌ಲೈನ್ ಪೇಮೆಂಟ್ ಫೀ ಯಾರ ತಲೆಗೆ? ಲೆಕ್ಕ ಹಾಕಿ ತೀರ್ಮಾನಿಸುವುದು ಹೀಗೆ

ನೀವು ಒಂದು ವಸ್ತುವಿಗೆ 100 ಅಂತ ಬೆಲೆ ಹಾಕಿದ್ದೀರಿ. ಗ್ರಾಹಕರು ಪೂರ್ತಿ 100 ಕಟ್ಟಿದ್ದಾರೆ. ಎರಡು ದಿನ ಬಿಟ್ಟು ಖಾತೆ ನೋಡಿದರೆ ಬಂದಿರುವುದು 96.70. ಉಳಿದ 3.30 ಮಧ್ಯದಲ್ಲಿರುವ ಪೇಮೆಂಟ್ ಕಂಪನಿಯವರ ಪಾಲು.

ಈ 3.30 ಯಾರು ಕೊಡಬೇಕು? ಮಾರುವವರನ್ನು ಕೇಳಿ ನೋಡಿ, "ಕಾರ್ಡಿನಲ್ಲೇ ಕಟ್ಟುತ್ತೀನಿ ಅಂದವರು ಅವರು, ಅವರೇ ಕೊಡಲಿ" ಅನ್ನುತ್ತಾರೆ. ಕೊಳ್ಳುವವರನ್ನು ಕೇಳಿದರೆ, "ವ್ಯಾಪಾರ ನಿಮ್ಮದು, ಅದರ ಖರ್ಚು ನನ್ನ ತಲೆಗೆ ಯಾಕೆ ಕಟ್ಟುತ್ತೀರಿ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ಕೊನೆಗೆ ಈ ದುಡ್ಡು ಬರುವುದು ಕೊಳ್ಳುವವರ ಜೇಬಿನಿಂದಲೇ ಅಲ್ವಾ? ಬೆಲೆಯೊಳಗೆ ಸೇರಿ ಬರುತ್ತದೋ, ಬಿಲ್ಲಿನ ಕೆಳಗೆ ಬೇರೆ ಸಾಲಾಗಿ ಬರುತ್ತದೋ ಅನ್ನುವುದಷ್ಟೇ ಪ್ರಶ್ನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮಾರುವವರು ಅದನ್ನು ಬೆಲೆಯೊಳಗೇ ಸೇರಿಸಿ, ಒಂದೇ ಅಂಕಿ ತೋರಿಸಬೇಕು. ಇದಕ್ಕೆ ಒಪ್ಪದ ಸಂದರ್ಭಗಳೂ ಕೆಲವು ಇವೆ, ಅವು ಮುಂದೆ ಬರುತ್ತವೆ.

ಹಂತ 1: ನಿಜವಾಗಿ ಎಷ್ಟು ಕಟ್ ಆಗುತ್ತಿದೆ ನೋಡಿ

ಬಹಳ ಜನ ಗೇಟ್‌ವೇ ಕಂಪನಿ (ಗ್ರಾಹಕರ ಹಣವನ್ನು ನಿಮ್ಮ ಖಾತೆಗೆ ದಾಟಿಸುವ ಆ ಮಧ್ಯದ ಪೇಮೆಂಟ್ ಕಂಪನಿ) ತನ್ನ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರುವ ದರವನ್ನೇ ನಂಬಿ ಕೂರುತ್ತಾರೆ. ಅದನ್ನು ಬಿಡಿ. ಆ ಕಂಪನಿ ನಿಮಗೆ ಹಣ ಹಾಕಿದ ಲೆಕ್ಕ, ಅಂದರೆ ಸೆಟ್ಲ್‌ಮೆಂಟ್ ರಿಪೋರ್ಟ್, ಡೌನ್‌ಲೋಡ್ ಮಾಡಿಕೊಳ್ಳಿ. ಅದರಲ್ಲಿ ಪ್ರತಿ ಆರ್ಡರಿಗೂ ಒಂದು ಸಾಲು ಇರುತ್ತದೆ: ಗ್ರಾಹಕರು ಕಟ್ಟಿದ ಮೊತ್ತ, ಅದರಲ್ಲಿ ಫೀ, ಕೆಲವು ಕಡೆ ಆ ಫೀ ಮೇಲೆ ತೆರಿಗೆ, ಕೊನೆಗೆ ನಿಮಗೆ ಬಂದದ್ದು. ಮೂರು ತಿಂಗಳ ಫೀ, ತೆರಿಗೆ ಎಲ್ಲ ಕೂಡಿಸಿ, ಅದೇ ಮೂರು ತಿಂಗಳ ಒಟ್ಟು ಮಾರಾಟದಿಂದ ಭಾಗಿಸಿ, 100ರಿಂದ ಗುಣಿಸಿ. ಬಂದದ್ದು ನಿಮ್ಮ ನಿಜವಾದ ದರ. ಹೊರದೇಶದ ಕಾರ್ಡು, ಕರೆನ್ಸಿ ಬದಲಾವಣೆ ಇದ್ದರೆ ಅದು ದಪ್ಪ ಅಕ್ಷರದ ದರಕ್ಕಿಂತ ಜಾಸ್ತಿಯೇ ಇರುತ್ತದೆ.

ಈ ಫೀ ಒಬ್ಬರಿಗೇ ಹೋಗುವುದಿಲ್ಲ. ಕಾರ್ಡ್ ಪೇಮೆಂಟಿನಲ್ಲಿ ಒಂದು ಪಾಲು ಗ್ರಾಹಕರಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ, ಇದಕ್ಕೆ ಇಂಟರ್‌ಚೇಂಜ್ ಅನ್ನುತ್ತಾರೆ. ಇನ್ನೊಂದು ವೀಸಾ, ಮಾಸ್ಟರ್‌ಕಾರ್ಡ್ ಥರದ ನೆಟ್‌ವರ್ಕಿಗೆ. ಮೂರನೆಯದು ನಿಮ್ಮ ಗೇಟ್‌ವೇಗೆ ಮತ್ತು ನಿಮ್ಮ ಕಡೆಯ ಬ್ಯಾಂಕಿಗೆ. ಕ್ರೆಡಿಟ್ ಕಾರ್ಡಿನಲ್ಲಿ ಸಾಮಾನ್ಯವಾಗಿ ದೊಡ್ಡ ಪಾಲು ಇಂಟರ್‌ಚೇಂಜಿನದೇ. ಗ್ರಾಹಕರು ಖುಷಿಯಿಂದ ಎಣಿಸುವ ರಿವಾರ್ಡ್ ಪಾಯಿಂಟಿನ ದುಡ್ಡು ಬಹುಪಾಲು ಬರುವುದು ಇಲ್ಲಿಂದಲೇ. ಅಂದರೆ ಆ ಬಹುಮಾನಕ್ಕೆ ಚಂದಾ ಹಾಕುತ್ತಿರುವುದು ನೀವು!

ಇನ್ನೊಂದು ಮುಖ್ಯ ವಿಷಯ. ಹಲವು ಗೇಟ್‌ವೇಗಳ ಫೀಯಲ್ಲಿ ಎರಡು ತುಂಡು ಇರುತ್ತದೆ, ಶೇಕಡಾವಾರು ಒಂದು, ಪ್ರತಿ ವಹಿವಾಟಿಗೆ ನಿಗದಿ ಮೊತ್ತ ಒಂದು. ಲೆಕ್ಕಕ್ಕೆ ಶೇ 3 ಮತ್ತು 0.30 ಅಂತ ಇಟ್ಟುಕೊಳ್ಳೋಣ. 500ರ ಆರ್ಡರಿಗೆ ಫೀ 15.30, ಅಂದರೆ ಶೇ 3.06. ಪರವಾಗಿಲ್ಲ. ಅದೇ 5ರ ಆರ್ಡರಿಗೆ 0.45, ಅಂದರೆ ಶೇ 9! ಚಿಕ್ಕ ಚಿಕ್ಕ ವಸ್ತು ಮಾರುವವರು "ಶೇಕಡ ಮೂರು ತಾನೇ" ಅಂತ ಸುಮ್ನೆ ಕೂತರೆ ಲಾಭ ಎಲ್ಲಿಗೆ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ಲಾಭದ ಲೆಕ್ಕದಲ್ಲೂ ಒಮ್ಮೆ ನೋಡಿ. 100ಕ್ಕೆ ಮಾರುವ ವಸ್ತುವಿನ ಅಸಲು 85 ಇದ್ದರೆ ಉಳಿಯುವುದು 15. ಅದರಲ್ಲಿ 3.30 ಹೋದರೆ ಲಾಭದ ಶೇ 22 ಹೋದಂತೆ. ಮಾರುವವರು ಯಾಕೆ ಕೂಗಾಡುತ್ತಾರೆ ಅನ್ನುವುದು ಈಗ ಅರ್ಥವಾಗುತ್ತದೆ.

ಹಂತ 2: ನಿಯಮ ಏನಿದೆ ತಿಳಿದುಕೊಳ್ಳಿ

ಕೆಲವು ಕಡೆ ಈ ಚರ್ಚೆಗೇ ಅವಕಾಶ ಇಲ್ಲ, ಕಾನೂನೇ ತೀರ್ಮಾನ ಮಾಡಿಬಿಟ್ಟಿದೆ. ಯುರೋಪಿಯನ್ ಒಕ್ಕೂಟ 2015ರಲ್ಲಿ ಇಂಟರ್‌ಚೇಂಜಿಗೆ ಮಿತಿ ಹಾಕಿತು: ಜನಸಾಮಾನ್ಯರ ಡೆಬಿಟ್ ಕಾರ್ಡಿಗೆ ಶೇ 0.2, ಕ್ರೆಡಿಟ್ ಕಾರ್ಡಿಗೆ ಶೇ 0.3. 2018ರ ಜನವರಿಯಿಂದ ಆ ಕಾರ್ಡುಗಳ ಮೇಲೆ ಸರ್‌ಚಾರ್ಜ್, ಅಂದರೆ ಕಾರ್ಡಿನಲ್ಲಿ ಕಟ್ಟಿದ್ದಕ್ಕೆ ಗ್ರಾಹಕರಿಂದ ಕೇಳುವ ಹೆಚ್ಚುವರಿ ಹಣ, ಹಾಕುವುದನ್ನೂ ನಿಷೇಧಿಸಿತು. ಬ್ರಿಟನ್ ಅದೇ ಹೊತ್ತಿಗೆ ಪೇಪಾಲ್ ಥರದ ಆನ್‌ಲೈನ್ ಪೇಮೆಂಟ್ ವಿಧಾನಗಳನ್ನೂ ಆ ನಿಷೇಧದೊಳಗೆ ಸೇರಿಸಿತು. ಮೊದಲು ದರ ಇಳಿಸಿ, ಆಮೇಲೆ "ಇನ್ನು ಗ್ರಾಹಕರ ಮೇಲೆ ಹಾಕಬೇಡಿ" ಅಂದ ಯುರೋಪಿನ ಈ ಕ್ರಮ ನನಗೆ ನ್ಯಾಯವಾಗಿ ಕಾಣುತ್ತದೆ.

ಆಸ್ಟ್ರೇಲಿಯಾ 2003ರಲ್ಲಿ ಇದಕ್ಕೆ ಉಲ್ಟಾ ದಾರಿ ಹಿಡಿಯಿತು. ಸರ್‌ಚಾರ್ಜಿಗೆ ಬಾಗಿಲು ತೆರೆಯಿತು, ಆಮೇಲೆ ಕೆಲವರು ಅತಿ ಮಾಡಿದಾಗ "ನಿಮಗೆ ಬಿದ್ದ ಖರ್ಚಿಗಿಂತ ಜಾಸ್ತಿ ಹಾಕುವಂತಿಲ್ಲ" ಅಂತ ಕಡಿವಾಣ ಹಾಕಿತು. ಅಮೆರಿಕದಲ್ಲಿ 2013ರಿಂದ ಕಾರ್ಡ್ ನೆಟ್‌ವರ್ಕುಗಳು ಕ್ರೆಡಿಟ್ ಕಾರ್ಡಿನ ಮೇಲೆ ಸರ್‌ಚಾರ್ಜ್ ಹಾಕಲು ಬಿಟ್ಟಿವೆ, ಡೆಬಿಟ್ ಕಾರ್ಡಿನ ಮೇಲೆ ಇಲ್ಲ. ವೀಸಾ 2023ರಲ್ಲಿ ಅಲ್ಲಿನ ಮಿತಿಯನ್ನು ಶೇ 3ಕ್ಕೆ ಇಳಿಸಿತು. ಅದರ ಮೇಲೆ ಒಂದೊಂದು ರಾಜ್ಯದ ಕಾನೂನು ಬೇರೆ.

ಭಾರತದಲ್ಲಿ 2020ರ ಜನವರಿ 1ರಿಂದ ಯುಪಿಐಗೂ ರುಪೇ ಡೆಬಿಟ್ ಕಾರ್ಡಿಗೂ ಎಂಡಿಆರ್ (ವ್ಯಾಪಾರಿಗಳಿಂದ ಬ್ಯಾಂಕುಗಳು ಕಟ್ ಮಾಡಿಕೊಳ್ಳುವ ಫೀ) ಸೊನ್ನೆ. ಡೆಬಿಟ್ ಕಾರ್ಡಿನ ಎಂಡಿಆರ್ ಅನ್ನು ವ್ಯಾಪಾರಿಗಳು ಗ್ರಾಹಕರ ಮೇಲೆ ಹಾಕದಂತೆ ನೋಡಿಕೊಳ್ಳಿ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ನಿಮ್ಮ ದೇಶದ ಕಾನೂನು ನೋಡಿಯಾದ ಮೇಲೆ ಗೇಟ್‌ವೇ ಜೊತೆಗಿನ ಒಪ್ಪಂದವನ್ನೂ ತೆಗೆದು ಓದಿ. ಕಾನೂನು ಬಿಟ್ಟರೂ ಒಪ್ಪಂದ ಬಿಡದೇ ಇರಬಹುದು. ದೊಡ್ಡ ಮಾರ್ಕೆಟ್‌ಪ್ಲೇಸಿನ ಮೂಲಕ ಮಾರುತ್ತಿದ್ದರೆ ಪೇಮೆಂಟ್ ಫೀ ಅವರ ಕಮಿಷನ್ನಿನಲ್ಲೇ ಸೇರಿದೆಯೋ, ಬೇರೆ ಇದೆಯೋ ಅಂತಲೂ ನೋಡಿಕೊಳ್ಳಿ. ಇಲ್ಲದಿದ್ದರೆ ಒಂದೇ ಖರ್ಚನ್ನು ಎರಡು ಸಲ ಬೆಲೆಗೆ ಸೇರಿಸಿ, ಪಕ್ಕದವರಿಗಿಂತ ದುಬಾರಿ ಆಗಿ ಕೂರುತ್ತೀರಿ.

ಹಂತ 3: ಯಾರು ಹೊರಬೇಕು, ತೀರ್ಮಾನಿಸಿ

ಜಗಳ ಇರುವುದೇ ಇಲ್ಲಿ. ಮಾರುವವರು ಹೊರಬೇಕು ಅನ್ನಲು ನನಗೆ ದೊಡ್ಡ ಕಾರಣ ಒಂದು: ಗೇಟ್‌ವೇ ಆರಿಸುವವರು ಅವರು. ದರ ಜಾಸ್ತಿ ಆಯಿತು ಅಂತ ಚೌಕಾಸಿ ಮಾಡಲು, ಬೇರೆ ಕಂಪನಿಗೆ ಬದಲಾಯಿಸಲು, ವಹಿವಾಟು ಬೆಳೆದ ಮೇಲೆ ಕಡಿಮೆ ದರ ಕೇಳಲು ಅವರಿಗೆ ಮಾತ್ರ ಸಾಧ್ಯ. ಕೊಳ್ಳುವವರು ಆ ಒಪ್ಪಂದದ ಮುಖವನ್ನೂ ನೋಡಿರುವುದಿಲ್ಲ. ಫೀಯನ್ನು ಹಾಗೇ ಗ್ರಾಹಕರ ಮೇಲೆ ದಾಟಿಸಿಬಿಟ್ಟರೆ ಅದನ್ನು ಇಳಿಸಬೇಕು ಅನ್ನುವ ಬಿಸಿ ಯಾರಿಗೂ ತಟ್ಟುವುದಿಲ್ಲ.

ಎರಡನೆಯದು ಚೆಕ್‌ಔಟ್ ಪುಟದ ಕಥೆ. ಗ್ರಾಹಕರು ಹುಡುಕಿ, ಹೋಲಿಸಿ, ಅಳೆದು ಸುರಿದು ಒಂದು ವಸ್ತು ಆರಿಸಿದ್ದಾರೆ. ವಿಳಾಸ ತುಂಬಿದ್ದಾರೆ. ಕಾರ್ಡ್ ನಂಬರ್ ಹಾಕಿದ್ದಾರೆ. ಆಗ ಒಟ್ಟು ಮೊತ್ತದ ಮೇಲೆ ಸಣ್ಣ ಅಕ್ಷರದಲ್ಲಿ "ಪ್ರೊಸೆಸಿಂಗ್ ಫೀ" ಅಂತ ಹೊಸ ಸಾಲು ಹುಟ್ಟಿಕೊಳ್ಳುತ್ತದೆ. ಮೊತ್ತ ಚಿಕ್ಕದೇ ಇರಬಹುದು, ಆದರೆ ಸಿಟ್ಟು ಚಿಕ್ಕದಲ್ಲ. ಬಾಡಿಗೆಗೆ, ಕರೆಂಟ್ ಬಿಲ್ಲಿಗೆ ನೀವು ಬೇರೆ ಸಾಲು ಹಾಕುವುದಿಲ್ಲ, ಇದಕ್ಕೆ ಮಾತ್ರ ಯಾಕೆ ಅಂತ ಅವರು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಎದುರು ವಾದವನ್ನೂ ತಳ್ಳಿಹಾಕುವಂತಿಲ್ಲ. ಯಾವ ಗೇಟ್‌ವೇ ಅನ್ನುವುದು ಮಾರುವವರ ಆಯ್ಕೆಯಾದರೂ, ಯಾವ ಕಾರ್ಡು ಅನ್ನುವುದು ಕೊಳ್ಳುವವರ ಆಯ್ಕೆ. ಪಾಯಿಂಟ್ ಸುರಿಸುವ ದುಬಾರಿ ಕಾರ್ಡಿನಲ್ಲಿ ಕಟ್ಟಿದವರಿಂದ ಫೀ ಜಾಸ್ತಿ ಬೀಳುತ್ತದೆ, ನೇರ ಬ್ಯಾಂಕ್ ವರ್ಗಾವಣೆ ಮಾಡಿದವರಿಂದ ಹೆಚ್ಚೂಕಡಿಮೆ ಏನೂ ಬೀಳುವುದಿಲ್ಲ, ಆದರೆ ಫೀ ಬೆಲೆಯೊಳಗೆ ಸೇರಿದಾಗ ಇಬ್ಬರೂ ಕೊಡುವುದು ಒಂದೇ ಬೆಲೆ. ಇದು ಅನ್ಯಾಯವೇ. ಸಾಲದ ಕಾರ್ಡು ಸಿಗದ ಮನುಷ್ಯ, ಕಾರ್ಡು ಇಟ್ಟುಕೊಂಡವರ ಬಹುಮಾನಕ್ಕೆ ಪಾಲು ಹಾಕುತ್ತಾನೆ.

ಇದಕ್ಕೆ ಮದ್ದು ಸರ್‌ಚಾರ್ಜ್ ಅಲ್ಲ, ರಿಯಾಯಿತಿ. 103 ಅಂತ ಬೆಲೆ ಹಾಕಿ, ಬ್ಯಾಂಕಿನಿಂದ ನೇರ ಕಟ್ಟಿದರೆ 3 ಕಡಿತ ಅನ್ನಿ. 100 ಅಂತ ಹಾಕಿ, ಕಾರ್ಡಿಗೆ 3 ಜಾಸ್ತಿ ಅಂದರೂ ಕೊನೆಗೆ ಬರುವುದು ಅದೇ ಅಂಕಿ. ಆದರೆ ಜನ ಎರಡನ್ನೂ ಒಂದೇ ಥರ ತೆಗೆದುಕೊಳ್ಳುವುದಿಲ್ಲ. ರಿಯಾಯಿತಿ ಬಿಟ್ಟುಕೊಡುವುದಕ್ಕಿಂತ ದಂಡ ಕಟ್ಟುವುದು ಜಾಸ್ತಿ ಚುಚ್ಚುತ್ತದೆ. 2017ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರಲ್ಲೇ ಇದನ್ನು ಬರೆದಿದ್ದರು. ಎರಡು ಬೆಲೆ ಇರಲೇಬೇಕು ಅಂತಾದರೆ ಅದು ನಗದಿಗೆ ರಿಯಾಯಿತಿ ಆಗಿರಲಿ, ಕಾರ್ಡಿಗೆ ಸರ್‌ಚಾರ್ಜ್ ಆಗುವುದು ಬೇಡ ಅಂತ ಅಮೆರಿಕದ ಕಾರ್ಡ್ ಕಂಪನಿಗಳು ಪಟ್ಟು ಹಿಡಿದದ್ದನ್ನೇ ಅವರು ಉದಾಹರಣೆಯಾಗಿ ಕೊಟ್ಟಿದ್ದರು. ಆ ಕಂಪನಿಗಳಿಗೆ ಜನರ ಮನಸ್ಸು ಚೆನ್ನಾಗಿ ಗೊತ್ತಿತ್ತು.

ಇನ್ನು, ಬೇರೆ ಸಾಲಾಗಿ ತೋರಿಸಿದರೂ ತಪ್ಪಿಲ್ಲ ಅನ್ನುವ ಸಂದರ್ಭಗಳು. ದೇಣಿಗೆಯಲ್ಲಿ "ಫೀಯನ್ನೂ ನಾನೇ ಕೊಡುತ್ತೇನೆ" ಅನ್ನುವ ಟಿಕ್ ಇಟ್ಟರೆ ಚೆನ್ನ, ಆದರೆ ಟಿಕ್ ಮೊದಲೇ ಹಾಕಿ ಇಡಬೇಡಿ. ಕಂಪನಿ ಕಂಪನಿಗೆ ಕಳಿಸುವ ದೊಡ್ಡ ಇನ್‌ವಾಯ್ಸಿನಲ್ಲಿ ಮೊತ್ತವೇ ದೊಡ್ಡದು, ಶೇ 3 ಅಂದರೆ ಸಣ್ಣ ಮಾತಲ್ಲ. ಅಲ್ಲಿ ಬ್ಯಾಂಕ್ ವರ್ಗಾವಣೆ ಉಚಿತ, ಕಾರ್ಡ್ ಬೇಕಿದ್ದರೆ ಫೀ ನಿಮ್ಮದು ಅಂತ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹಳೆಯ ವಸ್ತುವನ್ನು ಒಬ್ಬರಿಂದ ಒಬ್ಬರು ಕೊಳ್ಳುವಾಗ ಅರ್ಧರ್ಧ ಹಂಚಿಕೊಂಡರೂ ಸರಿ, ಮಾತು ಮೊದಲೇ ಆಗಿರಬೇಕು ಅಷ್ಟೇ.

ಹಂತ 4: ಬೆಲೆಗೆ ಸೇರಿಸುವ ಲೆಕ್ಕ

ನಿಮ್ಮ ಕೈಗೆ 100 ಬರಬೇಕು, ಫೀ ಶೇ 3 ಮತ್ತು 0.30. ಹೆಚ್ಚಿನವರು 100ಕ್ಕೆ 3.30 ಸೇರಿಸಿ 103.30 ಅಂತ ಬರೆದುಬಿಡುತ್ತಾರೆ. ಆದರೆ ಫೀ ಕಟ್ ಆಗುವುದು ಪೂರ್ತಿ 103.30ರ ಮೇಲೆ, 100ರ ಮೇಲಲ್ಲ. ಕೈಗೆ ಬರುವುದು 99.90.

ಸರಿಯಾದ ಲೆಕ್ಕ ಹೀಗೆ. ಬೇಕಾದ ಮೊತ್ತಕ್ಕೆ ನಿಗದಿ ಫೀ ಕೂಡಿಸಿ: 100.30. ಶೇಕಡಾವಾರನ್ನು 1ರಿಂದ ಕಳೆಯಿರಿ: 1 ಕಳೆ 0.03, ಅಂದರೆ 0.97. ಈಗ 100.30 ಅನ್ನು 0.97ರಿಂದ ಭಾಗಿಸಿ. ಬಂತು 103.40. ಫೀ ಮೇಲೆ ತೆರಿಗೆ ಇದ್ದರೆ ಮೊದಲು ಅದನ್ನು ದರದೊಳಗೆ ಸೇರಿಸಿಕೊಂಡು ಇದೇ ಲೆಕ್ಕ ಮಾಡಿ.

ಆದರೆ ಎಲ್ಲರೂ ಕಾರ್ಡಿನಲ್ಲೇ ಕಟ್ಟುವುದಿಲ್ಲವಲ್ಲ. ನೂರರಲ್ಲಿ 60 ಆರ್ಡರ್ ಫೀ ಇಲ್ಲದ ವಿಧಾನದಲ್ಲಿ ಬರುತ್ತವೆ, 40 ಕಾರ್ಡಿನಲ್ಲಿ ಅಂತಿದ್ದರೆ, ಒಂದು ಆರ್ಡರಿಗೆ ಸರಾಸರಿ ಫೀ 3.30 ಅಲ್ಲ, 1.32. ಬೆಲೆ ಏರಿಸಬೇಕಾದದ್ದು ಹೆಚ್ಚೂಕಡಿಮೆ ಅಷ್ಟು ಮಾತ್ರ. ಮೂರೂವರೆ ಏರಿಸಿ "ಪೇಮೆಂಟ್ ಖರ್ಚು ಸಾರ್" ಅನ್ನುವುದು ಸುಳ್ಳಾಗುತ್ತದೆ. ಮೊದಲ ಹಂತದಲ್ಲಿ ರಿಪೋರ್ಟ್ ತೆಗೆಯಿರಿ ಅಂದದ್ದು ಇದಕ್ಕೇ.

ತೀರಾ ಚಿಕ್ಕ ಬೆಲೆಯ ವಸ್ತುವಿಗೆ ಈ ಲೆಕ್ಕ ಸಾಲದು. 5ರ ವಸ್ತುವನ್ನು ಒಂದೊಂದೇ ಮಾರುವ ಬದಲು ನಾಲ್ಕರ ಕಟ್ಟು ಮಾಡಿ, ಇಲ್ಲವೇ ಕನಿಷ್ಠ ಆರ್ಡರ್ ಮೊತ್ತ ಇಡಿ. ನಾಲ್ಕು ಸಲ ಬೀಳುವ 0.30 ಒಂದೇ ಸಲ ಬೀಳುತ್ತದೆ.

ಹಂತ 5: ಬೇರೆ ಸಾಲಾಗಿ ಹಾಕಲೇಬೇಕಿದ್ದರೆ

ಕಾನೂನು ಬಿಡುತ್ತದೆ, ಒಪ್ಪಂದವೂ ಬಿಡುತ್ತದೆ, ನಿಮಗೂ ಅದೇ ಸರಿ ಅನಿಸುತ್ತದೆ ಅಂದುಕೊಳ್ಳಿ. ಆಗ ಬೆಲೆ ತೋರಿಸುವ ಪುಟದಲ್ಲೇ ಹೇಳಿ, ಕೊನೆಯ ಪುಟಕ್ಕೆ ಮುಚ್ಚಿಡಬೇಡಿ. ನಿಮಗೆ ಬಿದ್ದದ್ದಕ್ಕಿಂತ ಒಂದು ಪೈಸೆಯೂ ಜಾಸ್ತಿ ಬೇಡ. ಫೀ ಇಲ್ಲದೆ ಕಟ್ಟುವ ಒಂದು ದಾರಿಯಾದರೂ ಇರಲಿ, ಯಾಕೆಂದರೆ ತಪ್ಪಿಸಿಕೊಳ್ಳಲು ಆಗದ ಫೀ ಅಂದರೆ ಅದು ಬೆಲೆಯೇ, ಬೇರೆ ಹೆಸರು ಕೊಟ್ಟು ಏನೂ ಪ್ರಯೋಜನ ಇಲ್ಲ.

ಹಂತ 6: ರೀಫಂಡ್ ಬಂದಾಗ

ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ. ಗ್ರಾಹಕರು ವಸ್ತು ವಾಪಸ್ ಮಾಡಿದರು, ನೀವು 100 ವಾಪಸ್ ಕೊಟ್ಟಿರಿ. ಮೊದಲು ಕಟ್ ಆದ 3.30 ನಿಮಗೆ ವಾಪಸ್ ಬರುತ್ತದಾ? ಪೇಪಾಲ್ ಕೊಡುವುದಿಲ್ಲ, ಸ್ಟ್ರೈಪ್ ಅನ್ನುವ ಗೇಟ್‌ವೇ ಕೂಡ ಸಾಮಾನ್ಯವಾಗಿ ಕೊಡುವುದಿಲ್ಲ. ಮಾರಾಟವೂ ಇಲ್ಲ, ಕೈಯಿಂದ 3.30 ನಷ್ಟ. ವಾಪಸ್ ಬರುವುದು ಜಾಸ್ತಿ ಇರುವ ವ್ಯಾಪಾರದಲ್ಲಿ ಈ ನಷ್ಟವನ್ನೂ ಸರಾಸರಿಯೊಳಗೆ ಸೇರಿಸಿಕೊಳ್ಳಿ. ನಿಮ್ಮದೇ ತಪ್ಪಿನಿಂದ ವಾಪಸ್ ಬಂದದ್ದಾದರೆ ಪೂರ್ತಿ ಹಣ ಕೊಡಿ, ಅಲ್ಲಿ ಫೀ ಮುರಿದುಕೊಳ್ಳಬೇಡಿ.

ಚಾರ್ಜ್‌ಬ್ಯಾಕ್, ಅಂದರೆ ಗ್ರಾಹಕರು ತಮ್ಮ ಬ್ಯಾಂಕಿನ ಮೂಲಕ ಹಣ ವಾಪಸ್ ಎಳೆದುಕೊಳ್ಳುವುದು, ಇನ್ನೂ ದುಬಾರಿ. ಗ್ರಾಹಕರು ನಿಮ್ಮ ಹತ್ತಿರ ಬರದೆ ನೇರ ಬ್ಯಾಂಕಿಗೆ ದೂರು ಕೊಟ್ಟರೆ ಬಹಳಷ್ಟು ಗೇಟ್‌ವೇಗಳು ಅದಕ್ಕೆ ಬೇರೆ ಶುಲ್ಕ ಹಾಕುತ್ತವೆ. ಬಿಲ್ಲಿನಲ್ಲಿ ಯಾತಕ್ಕೆ ಅಂತ ಅರ್ಥವಾಗದ ಫೀ ನೋಡಿ ಸಿಟ್ಟಾದವರು ಹೋಗುವ ದಾರಿಯೂ ಇದೇ.

ಹಂತ 7: ನೀವು ಕೊಳ್ಳುವವರಾದರೆ

ಕಾರ್ಡಿಗೆ ಶೇ 3 ಜಾಸ್ತಿ ಅಂದರೆ ನಿಮ್ಮ ಕಾರ್ಡಿನ ಪಾಯಿಂಟು ಎಷ್ಟು ಬೆಲೆ ಬಾಳುತ್ತದೆ ನೋಡಿ. ಶೇ 1ರ ಬಹುಮಾನಕ್ಕೆ ಶೇ 3 ಕೊಡುವುದು ಯಾವ ಜಾಣತನ? ಬೇರೆ ದಾರಿ ಇದ್ದರೆ ಅದರಲ್ಲೇ ಕಟ್ಟಿ. ಆದರೆ ದೊಡ್ಡ ಮೊತ್ತ, ಗುರುತಿಲ್ಲದ ಮಾರಾಟಗಾರ ಅಂತಾದರೆ ಫೀ ಕೊಟ್ಟರೂ ಕಾರ್ಡೇ ಮೇಲು, ವಸ್ತು ಬರದಿದ್ದರೆ ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳುವ ಹಕ್ಕು ಅದರಲ್ಲಿ ಇರುತ್ತದೆ.

ಪೇಪಾಲ್‌ನಲ್ಲಿ "ಫೀ ಉಳಿಯುತ್ತದೆ, ಫ್ರೆಂಡ್ಸ್ ಆ್ಯಂಡ್ ಫ್ಯಾಮಿಲಿ ಅಂತ ಕಳಿಸಿಬಿಡಿ" ಅಂತ ಮಾರುವವರು ಹೇಳಿದರೆ ಬೇಡ ಅನ್ನಿ, ಅದು ಇರುವುದು ಮನೆಯವರಿಗೆ, ಗೆಳೆಯರಿಗೆ ಹಣ ಕಳಿಸಲು. ಹಾಗೆ ಕಳಿಸಿದ ಹಣಕ್ಕೆ ಖರೀದಿ ರಕ್ಷಣೆ ಇರುವುದಿಲ್ಲ, ವಸ್ತು ಬರಲಿಲ್ಲ ಅಂತ ದೂರು ಕೊಟ್ಟರೂ ಕಂಪನಿ ನಿಮಗೆ ಹಣ ತುಂಬಿಕೊಡುವುದಿಲ್ಲ. ವಹಿವಾಟು ಮಾಡಲೇಬೇಕಿದ್ದರೆ ಸರಕು-ಸೇವೆಯ ಪೇಮೆಂಟ್ ಅಂತಲೇ ಕಳಿಸುತ್ತೇನೆ, ಬೇಕಾದರೆ ಫೀಯಲ್ಲಿ ಅರ್ಧ ಕೊಡುತ್ತೇನೆ ಅಂತ ಹೇಳಿ ನೋಡಿ. ಅದಕ್ಕೂ ಒಪ್ಪದವರ ಹತ್ತಿರ ಕೊಳ್ಳದೇ ಇರುವುದೇ ಲೇಸು.